ನಾಳೆ ಬಾರದ ಕೋಣೆ

ಫೆಬ್ರವರಿ 6, 2024

ಅಕ್ಕನ ಕಿವಿ ಇರುವುದು ಅವಳ ತಲೆಯಲ್ಲಲ್ಲ, ಒಂದು ಹಳದಿಗಟ್ಟಿದ ಡಬ್ಬದಲ್ಲಿ ಎಂದು ಇವತ್ತು ಗೊತ್ತಾಯಿತು. ಮನೆಗೆ ಬಂದು ಕಾಫಿ ಕುಡಿದ ಮೇಲೂ ನಂಬಲಾಗುತ್ತಿಲ್ಲ.

ಇಷ್ಟು ವರ್ಷ ಅವಳನ್ನು ಕಿವಿಯ ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದವರು ಭಾವ. ಅವರು ತೀರಿಹೋದ ಮೇಲೆ ನಾನು ಅಕ್ಕನ ಮನೆಗೇ ಬಂದಿದ್ದೇನೆ, ಆ ಕೆಲಸವೂ ನನಗೆ ಬಂದಿದೆ. ಜ್ವರದಲ್ಲಿ ಎರಡೂ ಕಿವಿ ಹೋದಾಗ ಅವಳ ತಲೆಬುರುಡೆಯೊಳಗೆ ಸಣ್ಣದೊಂದು ತಂತಿಯ ಸಾಧನ ಕೂರಿಸಿ, ಕಿವಿಯ ಹಿಂದೆ ಪುಟ್ಟ ಯಂತ್ರವೊಂದನ್ನು ತೊಡಿಸಿದ್ದರು. ಒಳಗಿನದು ಕೊನೆಯವರೆಗೂ ಒಳಗೇ. ಹೊರಗಿನದಕ್ಕೆ ಮಾತ್ರ ಯಾವ ಸದ್ದನ್ನು ಎಷ್ಟು ಜೋರಾಗಿ ಒಳಗೆ ಕಳಿಸಬೇಕು ಎಂದು ಆಗಾಗ ಹೇಳಿಕೊಡಬೇಕು. ಹೇಳಿಕೊಡುವುದು ಕಂಪ್ಯೂಟರ್. ಇಷ್ಟು ನನಗೆ ಗೊತ್ತಿತ್ತು. ಆ ಕಂಪ್ಯೂಟರ್ ಹೀಗಿರುತ್ತದೆಂದು ಗೊತ್ತಿರಲಿಲ್ಲ.

ಪಕ್ಕದ ತಗಡು ಬಿಚ್ಚಿಟ್ಟಿದ್ದಾರೆ. ಒಳಗಿನ ಕರುಳೆಲ್ಲ ಕಾಣುತ್ತದೆ. ಬಿಸಿಯಾಗದಿರಲಿ ಎಂದು ಎದುರಿಗೊಂದು ಟೇಬಲ್ ಫ್ಯಾನು ತಿರುಗುತ್ತಿದೆ. ಪರದೆಯ ಮೇಲೆ ಅದೇ ಹಸಿರು ಗುಡ್ಡ, ನೀಲಿ ಆಕಾಶ, ನಾಲ್ಕು ಮೋಡ! ನಮ್ಮ ಮುದ್ರಣಾಲಯದಲ್ಲಿ ವರ್ಷಗಟ್ಟಲೆ ನೋಡಿದ ಗುಡ್ಡ ಅದು. ಎಂದೋ ಮಣ್ಣುಪಾಲಾಗಿರಬೇಕೆಂದುಕೊಂಡಿದ್ದೆ.

"ಇದು ಇನ್ನೂ ಬದುಕಿದೆಯಾ?" ಎಂದೆ.

"ಮೆಲ್ಲಗೆ ಹೇಳಿ. ಕೇಳಿಸ್ಕೊಂಡ್ರೆ ಮುನಿಸ್ಕೊಳ್ಳತ್ತೆ" ಎಂದರು ಅಲ್ಲಿನ ತಜ್ಞೆ. ಅಕ್ಕ ಅವರನ್ನು ಕಿವಿ ಮೇಡಂ ಎಂದೇ ಕರೆಯುವುದು.

ಹೊಸ ಕಂಪ್ಯೂಟರ್ ಯಾಕಿಲ್ಲ ಎಂದು ಕೇಳಿದೆ. ಹೊಸದರಲ್ಲಿ ನಡೆಯುವ ಪ್ರೋಗ್ರಾಮಿಗೆ ಅಕ್ಕನ ತಲೆಯಲ್ಲಿರುವ ಸಾಧನದ ಗುರುತೇ ಸಿಗುವುದಿಲ್ಲವಂತೆ. ತಯಾರಿಸಿದ ಕಂಪನಿಯನ್ನು ದೊಡ್ಡ ಕಂಪನಿ ನುಂಗಿತಂತೆ. ನುಂಗಿದವರು ಆ ಮಾದರಿಯನ್ನೇ ಕೈಬಿಟ್ಟರಂತೆ. ಮನುಷ್ಯರ ತಲೆಯೊಳಗೆ ಇಟ್ಟದ್ದನ್ನು ಕೈಬಿಡುವುದೆಂದರೇನು? ಇದೇನು ಬಾಗಿಲ ಚಿಲಕವೇ?

ಆಮೇಲೆ ಪರೀಕ್ಷೆ. ಸದ್ದು ಕೇಳಿದಾಗ ಅಕ್ಕ ಕೈ ಎತ್ತಬೇಕು. ಅವಳು ಯೋಚಿಸುತ್ತಾ ಕೂತರೆ ನನಗೆ ತಡೆಯದು. "ಕೇಳ್ತಲ್ಲ, ಎತ್ತೇ ಕೈ!" ಎಂದೆ. ಕಿವಿ ಮೇಡಂ ನನ್ನತ್ತ ತಿರುಗಿ, "ಅಮ್ಮಾ, ಕಿವಿ ಅವರದು" ಎಂದರು.

ದಾರಿಯಲ್ಲಿ ಗೋಪುರದ ಗಡಿಯಾರ ಈಗಲೂ ಕಾಲು ಗಂಟೆ ಹಿಂದೆಯೇ ಇದೆ. ಅದನ್ನು ಸರಿಪಡಿಸಿ ಎಂದು ನಗರಸಭೆಗೆ ನಾನು ಬರೆಯಲು ತೊಡಗಿದಾಗ ಇದ್ದ ಅಧ್ಯಕ್ಷರು ತೀರಿಕೊಂಡೇ ಎಷ್ಟು ಕಾಲವಾಯಿತು. ಅಕ್ಕನಿಗೆ ತೋರಿಸಿದೆ. "ಅದಕ್ಕೂ ನಿವೃತ್ತಿ ಆಗಿದೆ ಪುಟ್ಟಿ, ಬಿಡು" ಎಂದಳು. ಪುಟ್ಟಿ ಎಂದರೆ ನಾನೇ. ಅರವತ್ತು ದಾಟಿದರೂ ಈ ಮನೆಯಲ್ಲಿ ಪುಟ್ಟಿಯೇ.

ಫೆಬ್ರವರಿ 13, 2024

ನುಂಗಿದ ಕಂಪನಿಗೆ ಪತ್ರ ಬರೆದಿದ್ದೆ. ನಾಲ್ಕು ಪುಟ. ಒಂದು ಅಲ್ಪವಿರಾಮವೂ ಜಾಗ ತಪ್ಪಿರಲಿಲ್ಲ. ಇವತ್ತು ಉತ್ತರ ಬಂತು: "ನಮ್ಮ ಉತ್ಪನ್ನಗಳಲ್ಲಿ ನೀವು ತೋರಿಸಿದ ಆಸಕ್ತಿಗೆ ಧನ್ಯವಾದಗಳು."

ಆಸಕ್ತಿ! ಎರಡು ಸಲ ಓದಿದೆ. ಮೂರನೆಯ ಸಲ ಅಕ್ಕನಿಗೆ ಓದಿ ಹೇಳಿದೆ. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪರದೆಗೆ ಅಂಚು ಹೊಲಿಯುತ್ತಿದ್ದಳು. ಯಂತ್ರ ನಿಲ್ಲಿಸದೆಯೇ, "ನಿನ್ನ ಬೈಗುಳ ಕೇಳಿಸ್ಕೊಳ್ಳಕ್ಕೇ ನಿಮ್ಮ ಭಾವ ನಂಗೆ ಕಿವಿ ಹಾಕಿಸಿದ್ದು ಅನ್ಸತ್ತೆ" ಎಂದಳು. ನಡುವೆ ಒಮ್ಮೆ ಕೈ ತಡೆದು, "ಸೂಜಿ ಮೊಂಡಾಗಿದೆ, ಸದ್ದೇ ಬೇರೆ ಬರ್ತಿದೆ" ಎಂದು ಸೂಜಿ ಬದಲಿಸಿದಳು. ನನಗೆ ಯಾವ ವ್ಯತ್ಯಾಸವೂ ಕೇಳಿಸಿರಲಿಲ್ಲ.

ಬೆಳಗಿನ ಪತ್ರಿಕೆಯನ್ನು ಅವಳಿಗೆ ಗಟ್ಟಿಯಾಗಿ ಓದುವುದು ನಮ್ಮ ಪದ್ಧತಿ. ತಪ್ಪು ಸಿಕ್ಕಲ್ಲೆಲ್ಲ ನಿಲ್ಲಿಸಿ ಹೇಳುತ್ತೇನೆ. ಇವತ್ತು ಮುಖಪುಟದಲ್ಲೇ ಎರಡು ಸಿಕ್ಕವು. ಜನ್ಮಪೂರ್ತಿ ಪ್ರೂಫ್ ತಿದ್ದಿದ ಕಣ್ಣು ಇದು, ಸುಮ್ಮನಿರು ಎಂದರೆ ಇದ್ದೀತೇ? ನಮ್ಮ ಕೆಲಸದಲ್ಲಿ ಒಂದು ಗುರುತಿದೆ. ಹೊಡೆದುಹಾಕಿದ್ದು ಸರಿಯಾಗಿಯೇ ಇತ್ತು ಎಂದು ಆಮೇಲೆ ತಿಳಿದರೆ ಆ ಅಕ್ಷರಗಳ ಕೆಳಗೆ ಚುಕ್ಕೆ ಇಡಬೇಕು. "ಇದ್ದ ಹಾಗೇ ಇರಲಿ" ಎಂದು ಅದರರ್ಥ. ಆ ಚುಕ್ಕೆ ಇಡುವ ಪ್ರಸಂಗ ನನಗೆ ಬಂದದ್ದು ತೀರಾ ಅಪರೂಪ.

ಫೆಬ್ರವರಿ 20, 2024

ಬರೆಯಲು ಕೈ ಓಡುತ್ತಿಲ್ಲ. ಆದದ್ದನ್ನು ಆದಂತೆ ಬರೆಯುತ್ತೇನೆ.

ಅಕ್ಕನಿಗೆ ಈಚೆಗೆ ಕೆಲವು ಅಕ್ಷರಗಳು ಸೀಟಿ ಊದಿದಂತೆ ಕೇಳುತ್ತಿದ್ದವು. ಕಿವಿ ಮೇಡಂ ಅವಳ ಯಂತ್ರವನ್ನು ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿದರು. "ಇದರಲ್ಲಿರೋದನ್ನ ಪೂರ್ತಿ ಒರೆಸಿ ಹೊಸದಾಗಿ ಬರೀಬೇಕು. ಅಲ್ಲಿವರೆಗೂ ನಿಮ್ಗೆ ಏನೂ ಕೇಳಿಸಲ್ಲ, ಗಾಬರಿಯಾಗ್ಬೇಡಿ" ಎಂದು ಅಕ್ಕನಿಗೆ ಹೇಳಿದರು.

"ಒಳ್ಳೇದೇ ಆಯ್ತು. ಪುಟ್ಟಿ ಮಾತಿಂದ ಸ್ವಲ್ಪ ಹೊತ್ತು ರಜಾ" ಎಂದಳು ಅಕ್ಕ.

ಒರೆಸಿದ್ದಾಯಿತು. ಅಷ್ಟರಲ್ಲಿ ಹೊರಗೆ ಮೆಟ್ಟಿಲ ಮೇಲೆ ಯಾರೋ ಮುದುಕರು ಎಡವಿ ಬಿದ್ದರೆಂದು ಗದ್ದಲವಾಗಿ ಕಿವಿ ಮೇಡಂ ಎದ್ದು ಓಡಿದರು. ಕೋಣೆಯಲ್ಲಿ ಉಳಿದವರು ಏನೂ ಕೇಳಿಸದ ಅಕ್ಕ, ನಾನು, ಆ ಡಬ್ಬ.

ಪರದೆಯ ಮೇಲೆ ಅಕ್ಕನ ಭೇಟಿಗಳ ವಿವರ ತೆರೆದಿತ್ತು. ಕಣ್ಣು ತಾನಾಗಿ ಅತ್ತ ಹೋಯಿತು. ಭಾವ ಜೊತೆಗಿದ್ದಾಗಿನ ಭೇಟಿ: ನವೆಂಬರ್ 12, 2009. ಅದರ ಮುಂದಿನದು: ನವೆಂಬರ್ 12, 2009. ಮೊನ್ನೆ ನಾನೇ ಬಂದಿದ್ದೆನಲ್ಲ, ಅದು? ನವೆಂಬರ್ 12, 2009. ಸಾಲಿಗೆ ಸಾಲೇ ಅದೇ ದಿನ! ಪರದೆಯ ಮೂಲೆಯ ಗಡಿಯಾರದ ಮೇಲೆ ಬಾಣ ಒಯ್ದು ನಿಲ್ಲಿಸಿದೆ. ಅಲ್ಲೂ ಅದೇ.

ಮೈ ಉರಿದುಹೋಯಿತು. ಮದುವೆ ಕರೆಯೋಲೆಯಲ್ಲಿ ತಾರೀಖು ತಪ್ಪಿದರೆ ಮುದ್ರಣಾಲಯಕ್ಕೇ ಬಂದು ಕೊರಳಪಟ್ಟಿ ಹಿಡಿಯುತ್ತಿದ್ದರು ಜನ. ಇದು ರೋಗಿಗಳ ದಾಖಲೆ, ಯಾರಿಗೂ ಲೆಕ್ಕವಿಲ್ಲವೇ? ಆ ಗುಡ್ಡದ ಕಂಪ್ಯೂಟರು ನನಗೇನು ಹೊಸದೇ? ಗಡಿಯಾರದ ಮೇಲೆ ಎರಡು ಸಲ ಒತ್ತಿದೆ. ಪುಟ್ಟ ಕ್ಯಾಲೆಂಡರು ಬಂತು. ವರ್ಷ, ತಿಂಗಳು, ದಿನ ಎಲ್ಲ ತಿದ್ದಿ ಸರಿ ಎಂಬ ಗುಂಡಿ ಒತ್ತಿದೆ. ಅಚ್ಚಿಗೆ ಹೋಗುವ ಮುಂಚೆ ಕೊನೆಯ ತಪ್ಪನ್ನು ಹಿಡಿದಾಗ ಒಂದು ಹಿತವಾಗುತ್ತದೆ. ಅದೇ ಹಿತವಾಯಿತು.

ಕಿವಿ ಮೇಡಂ ಒಳಗೆ ಬಂದರು. "ನಿಮ್ಮ ಕಂಪ್ಯೂಟರ್ ತಾರೀಖು ತಪ್ಪಿತ್ತು ಮೇಡಂ. ಸರಿ ಮಾಡಿದೀನಿ" ಎಂದೆ. ಜಂಬದಿಂದಲೇ ಎಂದೆ.

ಅವರು ಕೂರಲಿಲ್ಲ. "ಏನ್ ಮಾಡಿದ್ರಿ?"

"ತಾರೀಖು. ವರ್ಷವೇ ತಪ್ಪು—"

ಅವರು ನಿಂತಲ್ಲಿಂದಲೇ ಬಗ್ಗಿ, ಬರೆಯುವ ಗುಂಡಿ ಒತ್ತಿದರು. ಬೂದು ಚೌಕವೊಂದು ಎದ್ದು ಬಂತು: ಪರವಾನಗಿಯ ಅವಧಿ ಮುಗಿದಿದೆ. ಪ್ರೋಗ್ರಾಮು ತಾನಾಗಿ ಮುಚ್ಚಿಕೊಂಡಿತು. ಅವರು ತಾರೀಖನ್ನು ಹಿಂದಕ್ಕೆ ಹಾಕಿ ಮತ್ತೆ ತೆರೆಯಲು ನೋಡಿದರು. ಇನ್ನೊಂದು ಚೌಕ: ಗಡಿಯಾರವನ್ನು ಹಿಂದಕ್ಕೆ ತಿರುಗಿಸಿರುವುದು ಕಂಡುಬಂದಿದೆ.

"ಆಯ್ತಾ ಮೇಡಂ?" ಎಂದಳು ಅಕ್ಕ, ತನ್ನ ದನಿ ತನಗೇ ಕೇಳಿಸದೆ ಜೋರಾಗಿ. ನಗುತ್ತಿದ್ದಳು. "ಆಯ್ತಾ?"

ಇಬ್ಬರಲ್ಲಿ ಯಾರೂ ಅವಳ ಮುಖ ನೋಡಲಿಲ್ಲ.

ಕಿವಿ ಮೇಡಂ ಹೇಳಿದ್ದು ಇಷ್ಟು. ಆ ಪ್ರೋಗ್ರಾಮಿಗೆ ಕಂಪನಿ ವರ್ಷಕ್ಕೊಮ್ಮೆ ಪರವಾನಗಿ ಕೊಡುತ್ತಿತ್ತು. ಕಂಪನಿಯೇ ಹೋದ ಮೇಲೆ ಕೊಡುವವರಿಲ್ಲ. ಕೊನೆಯ ಪರವಾನಗಿ ಮುಗಿಯುವುದು 2009ರ ನವೆಂಬರ್ 13ಕ್ಕೆ. ಹಾಗಾಗಿ ಅದರ ಹಿಂದಿನ ದಿನದಲ್ಲೇ ಈ ಕಂಪ್ಯೂಟರನ್ನು ನಿಲ್ಲಿಸಿದ್ದಾರೆ. ಗಡಿಯಾರ ನಡೆಸುವ ಪುಟ್ಟ ಬ್ಯಾಟರಿಯನ್ನು ಬೇಕೆಂದೇ ಹಾಕಿಸಿಲ್ಲ. ದಿನಾ ಬೆಳಗ್ಗೆ ಅದು ಎಲ್ಲವನ್ನೂ ಮರೆತು ಏಳುತ್ತದೆ. ಏಳುತ್ತಲೇ ಇವರು ಅದಕ್ಕೆ ಇವತ್ತು ನವೆಂಬರ್ 12 ಎಂದು ಹೇಳುತ್ತಾರೆ. ಅದು ನಂಬುತ್ತದೆ.

"ಈ ಕೋಣೇಲಿ ನಾಳೆ ಅನ್ನೋದು ಬರಬಾರದು ಅಮ್ಮಾ. ನೀವು ಬರಿಸಿಬಿಟ್ರಿ."

"ನಂಗೆ ಯಾಕೆ ಹೇಳಲಿಲ್ಲ?"

"ಕೇಳಿದ್ರಾ?"

ಫೆಬ್ರವರಿ 21, 2024

ನಿನ್ನೆ ನಡೆದದ್ದನ್ನೆಲ್ಲ ಅಕ್ಕನಿಗೆ ಹಾಳೆಯ ಮೇಲೆ ಬರೆದು ತೋರಿಸಿದೆ. ಓದಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

"ಈಗ ತಾರೀಖು ಸರಿಯಿದೆಯಾ?" ಎಂದಳು.

ಫೆಬ್ರವರಿ 23, 2024

ಕಂಪ್ಯೂಟರ್ ನೋಡಲು ಕಿವಿ ಮೇಡಂ ಕರೆಸಿದ ಮನುಷ್ಯನನ್ನು ಕಂಡು ಇನ್ನೊಂದು ಆಘಾತ. ಡಬ್ಬಾ ಡಾಕ್ಟರ್! ನಮ್ಮ ಮುದ್ರಣಾಲಯ ಮುಚ್ಚಿದ ದಿನ ಕಂಪ್ಯೂಟರುಗಳನ್ನೆಲ್ಲ ಕಂಕುಳಲ್ಲಿ ಇರುಕಿಕೊಂಡು ಹೊತ್ತುಹೋದವನು. ಹಳೆಯದನ್ನು ಕೊಂಡು, ರಿಪೇರಿ ಮಾಡಿ, ಮಾರಿ ಬದುಕುತ್ತಾನೆ. ಅವತ್ತಿನಿಂದ ಬೀದಿಯಲ್ಲಿ ಸಿಕ್ಕರೂ ಮುಖ ತಿರುಗಿಸುತ್ತಿದ್ದೆ.

"ಓ, ಪ್ರೂಫ್ ಮೇಡಮ್ಮ!" ಎಂದ. "ತಾರೀಖು ತಿದ್ದಿದ್ದು ಯಾರು ಅಂದ್ಕೊಂಡೆ. ನೀವೇನಾ? ಹಾಗಾದ್ರೆ ಆಶ್ಚರ್ಯ ಇಲ್ಲ ಬಿಡಿ."

ಐದು ನಿಮಿಷದ ಕೆಲಸ ಎಂದು ಕೂತ. ಪ್ರೋಗ್ರಾಮನ್ನು ಕಿತ್ತು ಮತ್ತೆ ಹಾಕಿದರೆ ಹಳೆಯದೆಲ್ಲ ಮರೆಯುತ್ತದೆ ಎಂದ. ಕಿತ್ತ. ಹಾಕಿದ. ಅದು ಏನನ್ನೂ ಮರೆತಿರಲಿಲ್ಲ. ಎಲ್ಲೋ ಆಳದಲ್ಲಿ ಗುರುತು ಹಾಕಿಕೊಂಡು ಕೂತಿತ್ತು. ಅಲ್ಲಿಯವರೆಗೆ ಅಕ್ಕನ ವಿವರ ಬೀಗದೊಳಗಾದರೂ ಇತ್ತು. ಈಗ ಅದೂ ಹೋಯಿತು.

ತಡೆಯಲಿಲ್ಲ ನನಗೆ. "ಏನ್ರೀ, ಮೊದಲ ಪ್ರತಿ ಇಟ್ಕೊಳ್ದೆ ಯಾರಾದ್ರೂ ತಿದ್ದಕ್ಕೆ ಕೈ ಹಾಕ್ತಾರಾ?"

"ನೀವು ಇಟ್ಕೊಂಡಿದ್ರಾ?"

ಇಬ್ಬರೂ ಗುಡ್ಡವನ್ನೇ ನೋಡುತ್ತ ಕೂತೆವು. ಆಮೇಲೆ ಅವನು ತಲೆ ಕೆರೆದುಕೊಂಡು, "ಪ್ರತಿ... ತಡೀರಿ. ಒಂದ್ಸಲ ಮಾಡಿಟ್ಟಿದ್ದೆ. ಈ ಡಿಸ್ಕ್ ಪೂರ್ತಿ ಇನ್ನೊಂದು ಡಿಸ್ಕಿಗೆ. ಬಹಳ ಹಿಂದೆ" ಎಂದ.

ಕಿವಿ ಮೇಡಂ ಗೋಡೆಗೆ ಒರಗಿ ನಿಂತಿದ್ದವರು ನೆಟ್ಟಗಾದರು. "ಎಲ್ಲಿದೆ?"

"ಅಂಗಡೀಲಿ." ಸ್ವಲ್ಪ ತಡೆದು, "ಎಲ್ಲೋ" ಎಂದ.

ಫೆಬ್ರವರಿ 27, 2024

ಅಕ್ಕ ಇವತ್ತು ಮತ್ತೊಂದು ಸೂಜಿ ಮುರಿದಳು. ಸದ್ದು ಕೇಳಿಸದೆ ಮೊಂಡಾದದ್ದು ಗೊತ್ತಾಗುವುದಿಲ್ಲ. ಮುರಿದ ತುಂಡು ಕೆನ್ನೆಗೆ ಸಿಡಿಯಿತು. ಸದ್ಯ, ಕಣ್ಣಿಗಲ್ಲ. ಹೊಲಿಗೆ ಯಂತ್ರಕ್ಕೆ ಹೊದಿಕೆ ಹಾಕಿ ಮೂಲೆಗೆ ತಳ್ಳಿದಳು.

ನಾನು ಹೆದರಿ ಏನೋ ಕಿರುಚಿದೆ. ಅವಳು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. "ನೀನು ಕಿರುಚಿದ್ರೆ ನಿನ್ನ ಬಾಯಿ ವಕ್ರ ಆಗತ್ತೆ ಪುಟ್ಟಿ, ಓದಕ್ಕಾಗಲ್ಲ. ಮೆಲ್ಲಗೆ ಹೇಳು. ಒಂದೊಂದೇ ಮಾತು."

ಮೆಲ್ಲಗೆ ಹೇಳಿದೆ. ಓದಿಕೊಂಡಳು.

ಪತ್ರಿಕೆಯಲ್ಲಿ ನಾಲ್ಕು ತಪ್ಪುಗಳಿದ್ದವು. ಬಾಯಿ ತೆರೆದೆ. ಇದನ್ನು ಮೆಲ್ಲಗೆ, ಒಂದೊಂದೇ ಮಾತಾಗಿ ಹೇಳಬೇಕೇ ಎನ್ನಿಸಿತು. ಮಡಿಸಿಟ್ಟೆ.

ಮಾರ್ಚ್ 1, 2024

ಡಬ್ಬಾ ಡಾಕ್ಟರನ ಅಂಗಡಿ. ಅಂಗಡಿಯೇ ಅದು? ಕಂಪ್ಯೂಟರುಗಳ ಸ್ಮಶಾನ. ಗೋಡೆಯುದ್ದಕ್ಕೂ ಬಾಯಿ ತೆರೆದ ಡಬ್ಬಗಳು, ನಡುವೆ ಒಬ್ಬರು ನುಸುಳುವಷ್ಟು ದಾರಿ, ರಟ್ಟಿನ ಪೆಟ್ಟಿಗೆಗಳ ತುಂಬ ಇಟ್ಟಿಗೆಯಂಥ ಡಿಸ್ಕುಗಳು. ಯಾವುದರ ಮೇಲೂ ಹೆಸರಿಲ್ಲ. ಚಿತ್ರಗಳಿವೆ!

"ಇದೇನ್ರೀ?"

"ಹಲ್ಲು. ಹಲ್ಲಿನ ಡಾಕ್ಟರದ್ದು. ಇದು ಕತ್ತರಿ, ಕ್ಷೌರದಂಗಡಿ. ಹೆಸರು ಬರೆದ್ರೆ ಊರವರ ಗುಟ್ಟೆಲ್ಲ ಕಂಡವರ ಕೈಗೆ ಸಿಗಲ್ವಾ ಮೇಡಮ್ಮ? ಚಿತ್ರ ಆದ್ರೆ ನಂಗೊಬ್ಬನಿಗೇ ಗೊತ್ತಾಗೋದು."

"ಹಾಗಾದ್ರೆ ಕಿವಿ ಎಲ್ಲಿ?"

"ಅದೇ ನಂಗೂ ಗೊತ್ತಾಗ್ತಿಲ್ಲ."

ನಾನೂ ಕೂತು ಹುಡುಕಿದೆ. ಚಿತ್ರ ಅಳಿಸಿಹೋದವನ್ನು ಒಂದೊಂದಾಗಿ ಜೋಡಿಸಿ ನೋಡುವುದು. ಕೆಲವು ಗುಂಯ್ ಎಂದು ಎದ್ದವು, ಕೆಲವು ಟಕ್ ಟಕ್ ಎಂದು ಸುಮ್ಮನಾದವು. ಸುಮ್ಮನಾದರೆ ಒಳಗಿದ್ದುದೆಲ್ಲ ಹೋದಂತೆ. ಒಂದರಲ್ಲಿ ಯಾರದೋ ಮದುವೆಯ ಸಾವಿರ ಫೋಟೊಗಳು. ವಧು ಒಂದರಲ್ಲೂ ನಕ್ಕಿಲ್ಲ. ಕೈಯೆಲ್ಲ ಮಸಿ. ಗಂಟಲಲ್ಲಿ ಧೂಳು. ಅಕ್ಕ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಬೀದಿ ನೋಡುತ್ತಿದ್ದಳು. ಅವಳ ಬೆನ್ನ ಕಡೆಯಿಂದ ಬಂದ ಲಾರಿ ಒಂದೇ ಮಾರು ದೂರದಲ್ಲಿ ಹಾರ್ನ್ ಹೊಡೆದಾಗ ಒಳಗಿದ್ದ ನಾನು ಕೈಯಲ್ಲಿದ್ದ ಡಿಸ್ಕು ಬಿಟ್ಟು ಎದ್ದೆ. ಅವಳು ಕದಲಲೇ ಇಲ್ಲ.

ಮಾರ್ಚ್ 4, 2024

ಸಿಕ್ಕಿತು.

ಮೊದಲ ದಿನವೇ ನನ್ನ ಕೈಗೆ ಬಂದಿತ್ತು. ಮೇಲಿನ ಚಿತ್ರ ನೋಡಿ ಗೋಡಂಬಿ ವ್ಯಾಪಾರಿಯದ್ದು ಎಂದುಕೊಂಡು ಪಕ್ಕಕ್ಕಿಟ್ಟಿದ್ದೆ. ಇವತ್ತು ಅಕ್ಕ ಬೇಸರಕ್ಕೆ ಆ ರಾಶಿಯನ್ನು ಕೆದಕುತ್ತಿದ್ದವಳು ಅದನ್ನೆತ್ತಿ ತನ್ನ ಕಿವಿಯ ಪಕ್ಕ ಹಿಡಿದು, ನಮ್ಮಿಬ್ಬರ ಕಡೆ ತಿರುಗಿದಳು.

"ಇದು ಕಿವಿ ಅಲ್ವಾ?"

ಡಬ್ಬಾ ಡಾಕ್ಟರ್ ಎದ್ದು ನಿಂತ. "ಅದೇ! ಅದೇ ಕಣಮ್ಮಾ!"

"ಇದು ಕಿವೀನಾ?" ಎಂದೆ. "ಇದು ಗೋಡಂಬಿ ರೀ!"

"ಚಿತ್ರ ಬಿಡಿಸೋವಾಗ ಕೈ ಅಲ್ಲಾಡಿರತ್ತೆ, ಬಿಡಿ."

ಜೋಡಿಸಿದ. ಗುಂಯ್ ಎಂದಿತು. ಟಕ್ ಎಂದಿತು. ಮತ್ತೆ ಗುಂಯ್. ಆಮೇಲೆ ಎಡೆಬಿಡದೆ ಗುಂಯ್. ಮೊದಲು ಇದರ ಇನ್ನೊಂದು ಪ್ರತಿ ತೆಗೆದುಕೊಳ್ಳುತ್ತೇನೆ ಎಂದು ನನ್ನ ಕಡೆ ನೋಡಿ ಅವನೇ ಹೇಳಿದ.

ಪ್ರತಿ ಮುಗಿಯುವವರೆಗೆ ಮೂವರೂ ಬಾಗಿಲಲ್ಲಿ ಕೂತಿದ್ದೆವು. ಅದರಲ್ಲಿ ಅಕ್ಕನಿಗೆ ಯಾವ ಸದ್ದು ಎಷ್ಟು ಜೋರು ಎಂಬ ಮೊದಲ ವರ್ಷಗಳ ಹೊಂದಿಕೆ ಮಾತ್ರ ಇರುವುದಂತೆ. ಆಮೇಲೆ ವರ್ಷಾನುಗಟ್ಟಲೆ ತಿದ್ದಿ ತಿದ್ದಿ ಹದಕ್ಕೆ ತಂದದ್ದು ಇಲ್ಲ. ಕಿವಿ ಮೇಡಂ ಫೋನಿನಲ್ಲಿ, "ಮೊದಲಿಂದ ಶುರು ಮಾಡೋದು, ಅಷ್ಟೇ. ಆದ್ರೆ ಒಂದು ವಿಷಯ. ಈ ಪ್ರತಿ ಸರಿಯಾದ ತಾರೀಖನ್ನ ಒಂದೇ ಒಂದ್ಸಲ ನೋಡಿದ್ರೂ ಇದೂ ಬೀಗ ಹಾಕ್ಕೊಳ್ಳತ್ತೆ" ಎಂದರು.

ನವೆಂಬರ್ 12, 2009

ಅಕ್ಕ ಬೆಳಗ್ಗೆ ಬೇಗ ಸ್ನಾನ ಮಾಡಿ, ಭಾವ ಕೊಡಿಸಿದ್ದ ಸೀರೆ ಉಟ್ಟಳು. ಕೇಳಿದ್ದಕ್ಕೆ, "ಮೊದಲ ಸಲ ಕೇಳಿಸಿದಾಗಲೂ ಇದನ್ನೇ ಉಟ್ಟಿದ್ದೆ" ಎಂದಳು. ನಾವು ದಾಟುವಾಗ ಗೋಪುರದ ಗಡಿಯಾರದಲ್ಲಿ ಹತ್ತೂವರೆ.

ಡಬ್ಬಾ ಡಾಕ್ಟರ್ ಡಿಸ್ಕು ಕೂರಿಸಿ, ತಂತಿಗಳನ್ನು ಚುಚ್ಚಿ, ಹಿಂದೆ ಸರಿದ. ಕಂಪ್ಯೂಟರ್ ಎಲ್ಲವನ್ನೂ ಮರೆತು ಎದ್ದಿತು. ಗುಡ್ಡ ಬರುವ ಮುಂಚೆ ಕಪ್ಪು ಪರದೆಯ ಮೇಲೆ ತಾರೀಖು ಕೇಳುತ್ತ ನಿಂತಿತು. ಇಲ್ಲಿ ತಪ್ಪಿದರೆ ಮುಗಿಯಿತು.

ಕಿವಿ ಮೇಡಂ ಕೀಲಿಮಣೆಯನ್ನು ನನ್ನ ಮುಂದೆ ತಳ್ಳಿದರು. "ನೀವೇ ಹಾಕಿ."

"ನಾನಾ?"

"ನೀವು ಹಾಕಿದ್ರೆ ಇನ್ನು ಯಾವತ್ತೂ ಮುಟ್ಟಲ್ಲ."

ಡಬ್ಬಾ ಡಾಕ್ಟರ್, "ಮೇಡಮ್ಮ, ನೋಡ್ಕೊಂಡು. ನಿಮ್ಗೆ ಸರಿ ಮಾಡೋ ಚಾಳಿ" ಎಂದ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಹನ್ನೆರಡು. ಹನ್ನೊಂದು. ವರ್ಷ ಒತ್ತುವಾಗ ಗೊತ್ತಿದ್ದೂ ಗೊತ್ತಿದ್ದೂ ಸುಳ್ಳನ್ನು ಬರೆಯುತ್ತಿದ್ದೇನೆ ಎನ್ನಿಸಿತು. ಒಂದೊಂದು ಅಂಕಿಯನ್ನೂ ಬಾಯಿಬಿಟ್ಟು ಹೇಳಿಕೊಂಡೆ. ಕಿವಿ ಮೇಡಂ ಒಮ್ಮೆ ಓದಿದರು. ನಾನೊಮ್ಮೆ ಓದಿದೆ. ಒತ್ತಿದೆ.

ಗುಡ್ಡ ಬಂತು. ಪ್ರೋಗ್ರಾಮು ತೆರೆಯಿತು. ಚೌಕ ಬರಲಿಲ್ಲ. ಅಕ್ಕನ ವಿವರದ ತುದಿಯಲ್ಲಿ ಹೊಸ ಸಾಲು, ಇವತ್ತಿನ ಭೇಟಿ: ನವೆಂಬರ್ 12, 2009.

ಬರೆಯುವುದು ಮುಗಿಯಿತು. ಯಂತ್ರವನ್ನು ಅಕ್ಕನ ಕಿವಿಯ ಹಿಂದೆ ಇಟ್ಟರು. ಅವಳು ಮುಖ ಕಿವುಚಿದಳು. "ತಗಡು ಬಡಿದ ಹಾಗಿದೆ. ಎಲ್ಲರೂ ಪಾತ್ರೆಯೊಳಗಿಂದ ಮಾತಾಡ್ತಿದೀರಿ" ಎಂದಳು. ಹಾಗೆಂದು ಥಟ್ಟನೆ ನಿಲ್ಲಿಸಿದಳು. ಅವಳು ತನ್ನ ದನಿಯನ್ನೇ ಕೇಳುತ್ತಿದ್ದಳು.

ಮತ್ತೆ ಮೊದಲಿಂದ ಪರೀಕ್ಷೆ. ಸದ್ದು, ಕೈ. ಸದ್ದು, ಕೈ. ಕೆಲವಕ್ಕೆ ಬಹಳ ಹೊತ್ತು ಯೋಚಿಸಿದಳು. ಹೊರಗೆ ಯಾರೋ ಕುರ್ಚಿ ಎಳೆದರು, ಫ್ಯಾನು ತಿರುಗುತ್ತಿತ್ತು. ಒಂದು ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು, ಅಕ್ಕ ಕಣ್ಣು ಮುಚ್ಚಿ ಕೂತೇ ಇದ್ದಳು. ಕೊನೆಗೆ ಕೈ ಎತ್ತಿದಳು.

ಎಲ್ಲ ಮುಗಿದ ಮೇಲೆ ಕಿವಿ ಮೇಡಂ, "ಇವತ್ತಿಗೆ ಇಷ್ಟು ಸಾಕು. ವಾರ ವಾರ ಬನ್ನಿ. ಹದಕ್ಕೆ ಬರಕ್ಕೆ ಕಾಲ ಹಿಡಿಯತ್ತೆ" ಎಂದರು. ನನ್ನತ್ತ ತಿರುಗಿ, "ನೀವೂ ಬನ್ನಿ" ಎಂದರು.

ಬೀದಿಗೆ ಬಂದ ಮೇಲೆ ಅಕ್ಕ ನಿಂತಳು. "ಯಾಕೆ ನೀನು ಒಂದೂ ಮಾತಾಡ್ತಿಲ್ಲ?"

"ಮಾತಾಡ್ತಿದೀನಲ್ಲ" ಎಂದೆ.

"ಏನು? ಕೇಳಿಸಲ್ಲ ಕಣೇ. ಜೋರಾಗಿ ಹೇಳು! ಕಿವಿ ಬಂದಿದೆ ನಂಗೆ!"

ಬೀದಿಯ ಜನ ತಿರುಗಿ ನೋಡಿದರು.

ಮಧ್ಯಾಹ್ನ ಪತ್ರಿಕೆ ಓದು ಎಂದಳು. ಓದಿದೆ, ಮುಖಪುಟದಿಂದ ಕೊನೆಯ ಪುಟದವರೆಗೆ, ಎಲ್ಲೂ ನಿಲ್ಲಿಸದೆ. ಮುಗಿಸಿದಾಗ ಅವಳು ಹೊಲಿಗೆ ಯಂತ್ರದ ಹೊದಿಕೆ ತೆಗೆದು, ಬಟ್ಟೆ ಇಡದೆ ಬರಿದೇ ತುಳಿಯುತ್ತ, ಕಿವಿಯನ್ನು ಅದರ ಹತ್ತಿರ ಒಯ್ದು ಕೂತಿದ್ದಳು. ಈಗಲೂ ತುಳಿಯುತ್ತಿದ್ದಾಳೆ.

ಬರೆದದ್ದನ್ನೆಲ್ಲ ಒಮ್ಮೆ ಓದಿ ನೋಡಿದೆ. ಇವತ್ತಿನ ಪುಟದ ಮೇಲಿನ ದಿನಾಂಕವನ್ನು ಹೊಡೆದುಹಾಕಲು ಪೆನ್ನು ತಾನಾಗಿ ಹೋಯಿತು. ಗೆರೆ ಅರ್ಧ ಎಳೆದಿದ್ದೆ. ಈಗ ಅದರ ಕೆಳಗೆ, ಒಂದೊಂದು ಅಂಕಿಗೂ ಒಂದೊಂದರಂತೆ, ಚುಕ್ಕೆ ಇಟ್ಟಿದ್ದೇನೆ.